ಬಾಣ ಮುಟ್ಟದ ಚೌಕ

ಪಾಳಿ ಮುಗಿಸಿ ಬರುವ ಕಾರ್ಖಾನೆಯ ಅಪ್ರೆಂಟಿಸ್‌ಗಳಿಗೆ ಮದ್ದೂರಿನಲ್ಲಿ ಸಾಫ್ಟ್‌ವೇರ್ ವಿನ್ಯಾಸ ಕಲಿಸುವ ಕೆಂಪರಾಜು ಮೇಷ್ಟ್ರ ಕಣ್ಣಿಗೆ ಜಗತ್ತೆಲ್ಲ ಬರೀ ಚೌಕ ಮತ್ತು ಬಾಣ. ಕಂಪ್ಯೂಟರ್ ಮುಟ್ಟುವ ಮೊದಲು ವಡೆ ಹೋಟೆಲೋ, ಬಂಡೂರಿನ ಕುರಿದೊಡ್ಡಿಯೋ ಬೋರ್ಡಿನ ಮೇಲೆ ಚೌಕವಾಗಲೇಬೇಕು. ಬರುವುದಕ್ಕೊಂದು ಬಾಣ, ಹೋಗುವುದಕ್ಕೊಂದು ಬಾಣ. ಮದುವೆ ಊಟಕ್ಕೆ ಕೂತರೂ ಎಲೆಯಂಚಿನಲ್ಲಿ ಸಾರಿನಿಂದ ಬಾಣ ಗೀಚಿ, ಹಪ್ಪಳ ಎಲ್ಲಿ ತಡವಾಯಿತೆಂದು ವಿವರಿಸುವ ಆಸಾಮಿ. ಅಷ್ಟರಲ್ಲಿ ಪಕ್ಕದವರು ಎದ್ದು ಹೋಗಿರುತ್ತಾರೆ. "ಯಾರೂ ಬರ್ದೆ, ಏನೂ ಓಗ್ದೆ ಇರೋ ಚೌಕ ಯಾಕ್ಲಾ? ತಪ್ಪು ಅದು, ಅಳಿಸ್ಬುಡು" ಎನ್ನುವುದು ಅವರ ನಿತ್ಯದ ಮಂತ್ರ. ಮೊನ್ನೆ ಮುಂದಿನ ಬೆಂಚಿನ ಅರ್ಪಿತ, "ಸಾ, ಇವತ್ತು ನಿಮ್ಮ ಮನೇನೇ ಬರೀರಿ" ಎಂದಳು. ಮೇಷ್ಟ್ರು ಹುರುಪಿನಿಂದ ಚೌಕ ಎಳೆದರು. "ಯಾರ್ ಬತ್ತಾರೆ ಸಾ?" ಬಾಣಕ್ಕೆಂದು ಎತ್ತಿದ ಸೀಮೆಸುಣ್ಣವನ್ನು ಅವರು ಕೆಳಗಿಟ್ಟರು. ಆಮೇಲೆ, ಯಾರೂ ಹೇಳುವ ಮೊದಲೇ, ಮೇಷ್ಟ್ರು ಡಸ್ಟರ್ ಕೈಗೆತ್ತಿಕೊಂಡರು.