ಭಾಗಕ್ಕೆ ಬಂದ ಒಂದು ಸ್ಪೀಕರ್

ಅಪ್ಪ ತೀರಿಕೊಂಡ ಮೇಲೆ ಜಕ್ಕೂರಿನ ನಮ್ಮ ಮನೆ ಭಾಗವಾಯಿತು. ಊರಿನ ಹಿರಿಯರು ಬಂದು ಜಗುಲಿಯ ಮೇಲೆ ಕೂತಿದ್ದರು. ಹೊಲ, ಮನೆಗಳ ಮಾತು ಮುಗಿದ ಮೇಲೆ ಸಾಮಾನಿನ ಸರದಿ ಬಂತು. ಹಿತ್ತಾಳೆ ಹಂಡೆ ಅಣ್ಣನಿಗೆ, ತಾಮ್ರದ್ದು ನನಗೆ. ಹೊಲಿಗೆ ಮೆಷಿನ್ ಅಣ್ಣನಿಗೆ, ಅದಕ್ಕೆ ಸರಿಸಮ ಎಂದು ಟೇಪ್ ಡೆಕ್ಕು ಮತ್ತು ಆಂಪ್ಲಿಫೈಯರ್ ನನಗೆ. ಆಮೇಲೆ ಗೋಡೆಯ ಪಕ್ಕ ನಿಂತಿದ್ದ ಎರಡು ಸ್ಪೀಕರ್‌ಗಳ ಕಡೆ ನೋಡಿ, ಹಿರಿಯರಲ್ಲಿ ಎಲ್ಲರಿಗಿಂತ ದೊಡ್ಡವರು, "ಎಲ್ಡವೆ. ಆಳಿಗೊಂದಂಗೆ ಮಡೀಕಳಿ" ಅಂದರು.

ಅವು ಜೋಡಿ, ಬಿಡಿಸಿದರೆ ಅರ್ಥವಿಲ್ಲ ಎಂದು ಹೇಳಬೇಕೆನ್ನಿಸಿತು. ಅಣ್ಣನ ಮುಖ ನೋಡಿದೆ, ಬಿಗಿದುಕೊಂಡಿತ್ತು. ನನ್ನದೂ ಹಾಗೇ ಇದ್ದಿರಬೇಕು. ಸಂಜೆ ಅಣ್ಣ ಒಂದು ಸ್ಪೀಕರನ್ನು ಎತ್ತಿಕೊಂಡು ಹೋದ.

ವರ್ಗವಾಗಿ ಹೊರಟಿದ್ದ ಒಬ್ಬ ಅಧಿಕಾರಿಯಿಂದ ಅಪ್ಪ ಆ ಸೆಟ್ಟನ್ನು ಕೊಂಡಿದ್ದರು. ಮೊಣಕಾಲೆತ್ತರದ ಮರದ ಪೆಟ್ಟಿಗೆಗಳು, ಮುಂದೆ ಕಪ್ಪು ಬಟ್ಟೆ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ನಾಗಸ್ವರದ ಕ್ಯಾಸೆಟ್ ಹಾಕುವುದು ಅಪ್ಪನ ಪದ್ಧತಿ. ಹಸುಗಳು ಅದಕ್ಕೆ ಎಷ್ಟು ಒಗ್ಗಿದ್ದವೆಂದರೆ, ಕರೆಂಟ್ ಹೋದ ದಿನ ಹಾಲು ಕಡಿಮೆ ಎಂದು ಅಮ್ಮ ದೂರುತ್ತಿದ್ದಳು.

ನಾನು ಯಲಹಂಕದಲ್ಲಿ ಮನೆ ಮಾಡಿದೆ. ಅಣ್ಣ ತನ್ನ ಪಾಲು ಮಾರಿ ರಾಜಾನುಕುಂಟೆಯ ಆಚೆ ಜಮೀನು ತೆಗೆದುಕೊಂಡು ಗುಲಾಬಿ, ರಾಗಿ ಹಾಕಿದ. ಹಳೆಯ ಮನೆಯ ಮುಂದಿನ ಒಂದು ಪಟ್ಟಿ ಜಾಗ ಯಾರಿಗೆ ಸೇರಬೇಕೆಂಬುದು ಮಾತ್ರ ಬಗೆಹರಿಯಲಿಲ್ಲ. ಜಗಳ ಅನ್ನುವಂಥದ್ದೇನೂ ಆಗಲಿಲ್ಲ. ಒಬ್ಬರ ಮನೆಗೆ ಒಬ್ಬರು ಹೋಗುವುದು ನಿಂತಿತು, ಅಷ್ಟೆ. ಮದುವೆಗಳಲ್ಲಿ, ತಿಥಿಗಳಲ್ಲಿ ಸಿಕ್ಕರೆ "ಚೆನ್ನಾಗಿದ್ದೀಯಾ" ಅಂತ ಅವನು, "ಹೂಂ" ಅಂತ ನಾನು.

ಹೀಗೆ ಎಷ್ಟೋ ವರ್ಷ ನಾನು ಅಪ್ಪನ ನಾಗಸ್ವರದ ಕ್ಯಾಸೆಟ್ಟನ್ನು ಒಂದೇ ಸ್ಪೀಕರಿನಲ್ಲಿ ಕೇಳಿದೆ. ಹೋದ ವರ್ಷ ಅದೂ ಕೆಟ್ಟಿತು. ಗಟ್ಟಿ ಸ್ವರ ಬಂದಾಗಲೆಲ್ಲ ಹರಿದ ಕಾಗದ ಅಲ್ಲಾಡಿಸಿದ ಹಾಗೆ ಪರಪರ ಸದ್ದು. ಆರ್.ಟಿ. ನಗರದಲ್ಲಿ ಹಳೆಯ ಸೆಟ್ಟುಗಳನ್ನು ರಿಪೇರಿ ಮಾಡುವವರೊಬ್ಬರಿದ್ದಾರೆ ಎಂದು ತಿಳಿದು ಕಾರಿನಲ್ಲಿ ಹಾಕಿಕೊಂಡು ಹೋದೆ. ಅವರು ಮುಂದಿನ ಬಟ್ಟೆ ಬಿಚ್ಚಿ ತೋರಿಸಿದರು. ಒಳಗೆ ಆಲಿಕೆಯಂಥ ಕಾಗದದ ಕೋನ್ ಇರುತ್ತದಲ್ಲ, ಅದನ್ನು ಸುತ್ತಲಿನ ಕಬ್ಬಿಣದ ಚೌಕಟ್ಟಿಗೆ ಹಿಡಿದಿಡುವ ಫೋಮ್ ರಿಂಗ್ ಒಣಗಿದ ಕೇಕಿನ ಹಾಗೆ ಉದುರುತ್ತಿತ್ತು.

"ಫೋಮ್ ಹೋಗಿದೆ ಸಾರ್. ವಯಸ್ಸಾಯ್ತು. ಹಾಕಿದ್ರೂ ಹೋಗುತ್ತೆ, ಹಾಕ್ದೆ ಇಟ್ರೂ ಹೋಗುತ್ತೆ. ಹೊಸ ರಿಂಗ್ ಅಂಟಿಸಿದ್ರೆ ಸರಿಹೋಗುತ್ತೆ. ಇನ್ನೊಂದೂ ತಂದ್ಬಿಡಿ, ಒಟ್ಟಿಗೆ ಮಾಡ್ಬಿಡೋಣ."

"ಇನ್ನೊಂದು ನನ್ನ ಹತ್ರ ಇಲ್ಲ. ಅಣ್ಣನ ಮನೇಲಿದೆ."

"ಆಂಪ್ಲಿಫೈಯರ್ರು?"

"ನನ್ನ ಹತ್ರ."

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಕೆಲಸಕ್ಕೆ ಬಗ್ಗಿದರು. ನಾನು ಎದುರಿನ ಸ್ಟೂಲಿನ ಮೇಲೆ ಕೂತು ಪೂರ್ತಿ ನೋಡಿದೆ. ಹಳೆಯ ಅಂಟು ಕೆರೆಯುವುದು, ಹೊಸ ರಿಂಗನ್ನು ಮೊದಲು ಕೋನಿಗೆ, ಆಮೇಲೆ ಚೌಕಟ್ಟಿಗೆ ಅಂಟಿಸುವುದು, ಕೋನ್ ಸರಿಯಾಗಿ ನಡುವೆ ಕೂತಿದೆಯೇ ಎಂದು ಬೆರಳಲ್ಲಿ ಮೆಲ್ಲಗೆ ಒತ್ತಿ ಕೇಳುವುದು. ಸ್ಪೀಕರನ್ನು ಮರುದಿನ ವಾಪಸ್ ತರಲು ಹೋದಾಗ ಅದರ ಜೊತೆ ಒಂದು ಪ್ಲಾಸ್ಟಿಕ್ ಕವರನ್ನೂ ಕೈಗಿಟ್ಟರು. "ರಿಂಗು ಜೋಡೀಲೇ ಬರೋದು ಸಾರ್. ಇನ್ನೊಂದು ನಿಮ್ಮದೇ. ಉಳಿದ ಗಮ್ಮೂ ಇದೆ."

ಆ ಕವರು ನಮ್ಮ ಫ್ರಿಜ್ಜಿನ ಮೇಲೆ ಬಹಳ ದಿನ ಇತ್ತು. ಒಂದು ಬೆಳಗ್ಗೆ ಹೆಂಡತಿ ಅದನ್ನು ನನ್ನ ಮುಂದೆ ತಂದಿಟ್ಟಳು.

"ಇದು ಭಾವನೋರ ಸ್ಪೀಕರ್‌ಗೆ ಸೇರಿದ್ದು ತಾನೇ? ಕೊಟ್ಬನ್ನಿ."

"ಇಷ್ಟ್ ವರ್ಷ ಆದ್ಮೇಲೆ ಈ ಫೋಮಿನ ಬಳೆ ಹಿಡ್ಕೊಂಡು ಹೋಗ್ಲಾ?"

"ಬೇರೇನ್ ಹಿಡ್ಕೊಂಡು ಹೋಗ್ತೀರಾ?" ಎಂದು ಅಡುಗೆಮನೆಗೆ ಹೋದಳು.

ಅವತ್ತೇ ಹೊರಟೆ. ಅಣ್ಣ ಗುಲಾಬಿ ತೋಟದಲ್ಲಿದ್ದ. ನನ್ನನ್ನು ಕಂಡವನೇ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ.

"ಯಾರ್ಗೇನಾಯ್ತ್ಲಾ?"

"ಯಾರ್ಗೂ ಏನೂ ಆಗಿಲ್ಲ ಕಣಣ್ಣ. ಸ್ಪೀಕರ್ ನೋಡಕ್ ಬಂದೆ."

ಅವನು ತೊಟ್ಟಿಯಲ್ಲಿ ಕೈ ತೊಳೆದು ಮುಂದೆ ನಡೆದ. ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. "ಬಾಪ್ಪ. ದಾರಿ ಗೊತ್ತಾಯ್ತಾ?" ಅಂದರು. ಅದರಲ್ಲಿ ಮುನಿಸಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. "ಗೊತ್ತಾಯ್ತು ಅತ್ಗೆ" ಅಂದೆ.

ಸ್ಪೀಕರ್ ಹಾಲಿನ ಮೂಲೆಯಲ್ಲಿತ್ತು. ಮೇಲೆ ಕ್ರೋಶಾ ಹಾಕಿದ ಬಟ್ಟೆ, ಅದರ ಮೇಲೆ ಫೋನಿನ ಚಾರ್ಜರ್ ಮತ್ತು ಹೂ ಕಟ್ಟುವ ದಾರದುಂಡೆ.

"ವಾರವಾರ ಒರೆಸ್ತೀನಿ" ಅಂದರು ಅತ್ತಿಗೆ. "ಸದ್ದಿಲ್ಲ, ಗದ್ಲ ಇಲ್ಲ."

ಅಣ್ಣ ಗೋಡೆಗೊರಗಿ ನಿಂತು ಕೇಳಿದ. "ತಗಂಡೋಗಕ್ ಬಂದಾ?"

"ಇಲ್ಲ. ರಿಪೇರಿ ಮಾಡಕ್ಕೆ."

"ಅದೇನ್ ಕೆಟ್ಟಿಲ್ಲ. ನಾನು ಒಂದ್ ಸಲಾನೂ ಆಕೇ ಇಲ್ವಲ್ಲ."

ಮುಂದಿನ ಕಪ್ಪು ಬಟ್ಟೆ ಬಿಚ್ಚಿ ಫೋಮನ್ನು ಬೆರಳಲ್ಲಿ ಮುಟ್ಟಿದೆ. ಪುಡಿಯಾಗಿ ಒಳಗೆ ಬಿತ್ತು. ಅಣ್ಣ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಾನೂ ಮುಟ್ಟಿ ನೋಡಿದ. ಬೆರಳಿಗೆ ಕಪ್ಪು ಮೆತ್ತಿಕೊಂಡಿತು. ಸುಮ್ಮನೆ ಇಟ್ಟರೂ ಹೋಗುತ್ತದೆ ಎಂದು ರಿಪೇರಿಯವರು ಹೇಳಿದ್ದನ್ನು ಹೇಳಿದೆ.

"ಇಂಗಾಗ್ತದೆ ಅಂತ ಗೊತ್ತೇ ಇರ್ಲಿಲ್ಲ" ಅಂದ. ಬೆರಳು ಒರೆಸಿಕೊಂಡು, "ಆಚೆ ತಗಂಡ್ ನಡಿ, ಬೆಳಕೈತೆ" ಅಂದ.

ಜಗುಲಿಯಲ್ಲಿ ಚಾಪೆ ಹಾಸಿ ಕೂತೆವು. ಅಣ್ಣ ಗುಲಾಬಿ ಕಸಿ ಮಾಡುವ ಚಾಕು ತಂದ. ಹಳೆಯ ಅಂಟನ್ನು ಕೋನಿನ ಕಾಗದಕ್ಕೆ ಸ್ವಲ್ಪವೂ ತಾಗದ ಹಾಗೆ ಕೆರೆಯಬೇಕು. ಅವನ ಕೈ ನಿಧಾನ, ಆದರೆ ನಡುಗುವುದಿಲ್ಲ. ನಾನು ಪುಡಿಯನ್ನು ಬ್ರಷ್ಷಿನಲ್ಲಿ ತೆಗೆಯುತ್ತಾ ಹೋದೆ. ಎದುರುಬದುರು ಕೂತು ಒಂದೇ ವಸ್ತುವಿನ ಮೇಲೆ ಬಗ್ಗಿದಾಗ ಮಾತಾಡುವುದು ಸುಲಭ, ಮುಖ ನೋಡಬೇಕಾಗಿಲ್ಲ. ಅವನ ಮಂಡಿನೋವು, ನನ್ನ ಸಕ್ಕರೆ ಕಾಯಿಲೆ, ಬೋರ್‌ವೆಲ್ಲು, ಹೀಗೆ ಒಂದೊಂದೇ ಬಂದವು.

"ನಮ್ಮೂರ್ ಕೆರೆ ಕಡೆ ಓಗ್ತೀಯಾ?" ಅಂದ.

"ಒಂದೊಂದ್ ಭಾನುವಾರ ವಾಕಿಂಗಿಗೆ ಓಗ್ತೀನಿ. ಬೇಲಿ ಆಕವ್ರೆ. ಒಳಕ್ ಬಿಡಕ್ಕೆ ಟೈಮ್ ಐತೆ."

"ಎಮ್ಮೆ ತೊಳೀತಿದ್ ಕಲ್ಲು?"

"ಐತೆ. ಅದ್ರ ಮೇಲೆ ಕೂತು ಫೋಟೊ ತೆಗಿಸ್ಕತಾರೆ."

ಅಣ್ಣ ನಕ್ಕ. ಯಲಹಂಕದಲ್ಲಿ 'ಇದೆ', 'ಹೋಗ್ತೀನಿ' ಎನ್ನುವ ನಾನು ಅವನೆದುರು ಕೂತು ಎಷ್ಟು ಬೇಗ 'ಐತೆ', 'ಓಗ್ತೀನಿ'ಗೆ ಇಳಿದಿದ್ದೆ ಎಂಬುದು ಆಗ ನನ್ನ ಗಮನಕ್ಕೆ ಬಂತು.

ಮೊದಲ ಸಲ ಅಂಟಿಸಿದ್ದು ಸರಿಹೋಗಲಿಲ್ಲ. ಅಣ್ಣ ಎರಡು ಕೈಯ ಬೆರಳಿಟ್ಟು ಕೋನನ್ನು ಒತ್ತಿದಾಗ ಒಳಗೆ ಎಲ್ಲೋ ಕರ್ ಎಂದು ಉಜ್ಜಿತು. ನಾನು ಪರವಾಗಿಲ್ಲ, ಒಣಗಿದ ಮೇಲೆ ಸರಿಯಾಗುತ್ತದೆ ಅಂದೆ. ನಿಜ ಹೇಳಬೇಕೆಂದರೆ ನನಗೆ ಬೆನ್ನು ನೋಯುತ್ತಿತ್ತು.

"ಉಜ್ಜದು ಉಜ್ತಾನೇ ಇರ್ತದೆ. ಅಸಿ ಇರೋವಾಗ್ಲೇ ಕೀಳು" ಅಂದ ಅಣ್ಣ.

ಕಿತ್ತು, ಒರೆಸಿ, ಮತ್ತೆ ಕೂರಿಸಿದೆವು. ನಾನು ರಿಂಗ್ ಹಿಡಿದುಕೊಂಡೆ, ಅವನು ಒಂದು ಕೂದಲಷ್ಟು ಅತ್ತ, ಒಂದು ಕೂದಲಷ್ಟು ಇತ್ತ ಸರಿಸುತ್ತಾ ಕಿವಿ ಹತ್ತಿರ ತಂದು ಒತ್ತಿ ಒತ್ತಿ ಕೇಳಿದ. ಕೊನೆಗೆ ಏನೂ ಕೇಳಿಸಲಿಲ್ಲ. ಅತ್ತಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನೆಲ್ಲ ತಂದುಕೊಟ್ಟರು. ಸುತ್ತಲೂ ಸಿಕ್ಕಿಸಿದೆವು. ಪೂರ್ತಿ ಒಣಗುವ ತನಕ ಅಲ್ಲಾಡಿಸಬಾರದು ಎಂದೆ. ಮುದ್ದೆ, ಸೊಪ್ಪಿನ ಸಾರು ಉಂಡು ಎದ್ದೆ.

"ಕೇಳೋದ್ ಎಂಗೆ? ಟೇಪಿನ್ ಡಬ್ಬ ನಿನ್ತಾವ ಐತಲ್ಲ" ಅಂದ ಅಣ್ಣ.

"ತರ್ತೀನಿ."

ಭಾನುವಾರ ನನ್ನ ಸ್ಪೀಕರ್, ಆಂಪ್ಲಿಫೈಯರ್, ಟೇಪ್ ಡೆಕ್ಕು ಎಲ್ಲ ಕಾರಿನಲ್ಲಿ ಹಾಕಿಕೊಂಡು ಹೆಂಡತಿಯ ಜೊತೆ ಹೋದೆ. ಅವಳೂ ಅತ್ತಿಗೆಯೂ ನೇರ ಒಳಗೆ ಹೋಗಿಬಿಟ್ಟರು. ಅಡುಗೆಮನೆಯಿಂದ ಬಹಳ ಹೊತ್ತು ಇಬ್ಬರ ದನಿ ಒಟ್ಟಿಗೇ ಕೇಳಿಸುತ್ತಿತ್ತು, ಯಾರು ಹೇಳುತ್ತಿದ್ದಾರೆ ಯಾರು ಕೇಳುತ್ತಿದ್ದಾರೆ ಎಂದು ತಿಳಿಯಲಿಲ್ಲ.

ನಾನು ವೈರುಗಳನ್ನು ಜೋಡಿಸಿ ಅಪ್ಪನ ನಾಗಸ್ವರದ ಕ್ಯಾಸೆಟ್ ಹಾಕಿದೆ. ಮೊದಲು ನನ್ನ ಕಡೆಯ ಸ್ಪೀಕರಿನಿಂದ ನಾಗಸ್ವರ ಬಂತು, ಈ ವರ್ಷಗಳಲ್ಲಿ ನನಗೆ ಬಾಯಿಪಾಠವಾಗಿದ್ದ ರಾಗ. ಸ್ವಲ್ಪ ಹೊತ್ತಿಗೆ ಅಣ್ಣನ ಕಡೆಯಿಂದ ಡೋಲು ಎದ್ದಿತು. ನಾನು ತಿರುಗಿ ನೋಡಿದೆ. ಆ ಕ್ಯಾಸೆಟ್ಟಿನಲ್ಲಿ ಡೋಲು ಅಷ್ಟು ದೊಡ್ಡದಾಗಿ ಇತ್ತೆಂಬುದೇ ನನಗೆ ಮರೆತುಹೋಗಿತ್ತು. ಸ್ಟೀರಿಯೊ ಕ್ಯಾಸೆಟ್ಟು, ಡೋಲಿನ ದನಿ ಹೆಚ್ಚಾಗಿ ಅಣ್ಣನ ಪೆಟ್ಟಿಗೆಯ ಪಾಲಿಗೆ ಬರುವಂಥದ್ದು. ನನ್ನ ಒಂದು ಸ್ಪೀಕರಿನಲ್ಲಿ ಅದು ದೂರದ ಬೀದಿಯಲ್ಲಿ ಯಾರೋ ಬಾರಿಸಿದಷ್ಟೇ ಕೇಳಿಸುತ್ತಿತ್ತು.

ಅಣ್ಣನಿಗೆ ಹೇಳಿದೆ. ಅವನು ನಂಬಲಿಲ್ಲ. ಅವನ ಸ್ಪೀಕರಿನ ವೈರು ತೆಗೆದು ನನ್ನದೊಂದರಲ್ಲೇ ಕೇಳಿಸಿದೆ.

"ಇಷ್ಟ್ ವರ್ಷ ಡೋಲಿಲ್ದೇ ಕೇಳ್ತಿದ್ದಾ?"

"ಹೂಂ."

"ಎಂಗ್ ಕೇಳ್ದೆ ಮಾರಾಯ" ಅಂದ, ನನ್ನ ಬೆನ್ನ ಮೇಲೆ ಕೈಯಿಟ್ಟು. ನಾನು ದನಿ ಹೆಚ್ಚುಕಡಿಮೆ ಮಾಡುವ ನೆಪದಲ್ಲಿ ಆಂಪ್ಲಿಫೈಯರ್ ಕಡೆ ಬಗ್ಗಿದೆ.

ಹೊರಡುವಾಗ ಅಣ್ಣ ತನ್ನ ಸ್ಪೀಕರನ್ನು ಎತ್ತಿ ಕಾರಿನ ಕಡೆ ನಡೆದ, ಎರಡೂ ನಿನ್ನ ಮನೆಯಲ್ಲೇ ಇರಲಿ ಎನ್ನುತ್ತ. ನಾನು ಬೇಡ, ಇಲ್ಲೇ ಇರಲಿ ಅಂದೆ. ಇಬ್ಬರೂ ಒಂದಿಷ್ಟು ಹೊತ್ತು ಹಠ ಹಿಡಿದೆವು. ಕೊನೆಗೆ ನನ್ನ ಹೆಂಡತಿಯೇ, "ಇಲ್ಲೇ ಇರ್ಲಿ ಬಿಡಿ ಭಾವ. ನಮ್ಮಲ್ಲಿ ಸ್ವಲ್ಪ ಜೋರಾಗಿ ಹಾಕಿದ್ರೆ ಮೇಲಿನ್ ಮನೆಯೋರು ಇಳಿದ್ ಬರ್ತಾರೆ" ಅಂದಳು. ಅದು ನಿಜವೂ ಹೌದು.

ಈಗ ಸೆಟ್ಟು ಅಲ್ಲೇ ಇದೆ. ನಾನು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಹೋಗುತ್ತೇನೆ. ನಮ್ಮ ಹಾಲಿನ ಖಾಲಿ ಮೂಲೆಯಲ್ಲಿ ಹೆಂಡತಿ ಬೆತ್ತದ ಕುರ್ಚಿ ಹಾಕಿಕೊಂಡಿದ್ದಾಳೆ. ಹಳೆಯ ಮನೆಯ ಮುಂದಿನ ಆ ಜಾಗದ ಮಾತನ್ನು ಅಣ್ಣನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಎತ್ತಬೇಕಾದ ದಿನ ಬಂದೇ ಬರುತ್ತದೆ. ಮೊನ್ನೆ ಬೆಳಗ್ಗೆ ಅಣ್ಣ ಫೋನ್ ಮಾಡಿ, ಟೇಪು ಸ್ವಲ್ಪ ಎಳೆದೆಳೆದು ಹಾಡುತ್ತಿದೆ, ಏನು ಮಾಡಲಿ ಎಂದು ಕೇಳಿದ. ಒಳಗಿನ ಬೆಲ್ಟು ಸಡಿಲವಾಗಿರಬೇಕು, ಏನೂ ಮುಟ್ಟಬೇಡ, ಶನಿವಾರ ಬರ್ತೀನಿ ಅಂದೆ.