ಮುಚ್ಚಳಕ್ಕೆ ಚಾಂದ ಕೊರೆಯುತ್ತಿದ್ದ ನೀಲತ್ತಿ

ಕುರಡಗಿ ಸಂಡಿಗೆಗೆಂದು ಗೋಧಿಯ ಹಾಲು ಕುದಿಸುವಾಗ ಏಳುವ ವಾಸನೆಗೆ ನಾನು ಇವತ್ತಿಗೂ ಪಾತ್ರೆಯ ಮೇಲೆ ಬಾಗುತ್ತೇನೆ. ನೆನೆದ ಗೋಧಿಯ ಸಣ್ಣ ಹುಳಿ, ಅದರ ಮೇಲೆ ಬಿಸಿ ಹಿಟ್ಟಿನ ಮೆದುವಾದ ಸಿಹಿ. ಉಳಿದವರಿಗೆ ಅದು ಬೇಸಿಗೆಯ ವಾಸನೆ. ಬೀದರದ ಹಳೇ ಊರಿನಲ್ಲಿದ್ದ ನಮ್ಮ ಮನೆಯಲ್ಲಿ ಮಾತ್ರ ಅಂಥದೇ ವಾಸನೆ ವರ್ಷವಿಡೀ ಇರುತ್ತಿತ್ತು. ಮಿಠಾಯಿ ಅಂಗಡಿಗಳಿಗೆ ರಟ್ಟಿನ ಡಬ್ಬಿ ಮಾಡಿಕೊಡುವುದು ಅಪ್ಪನ ಉದ್ಯೋಗ. ರಟ್ಟಿಗೆ ಬಣ್ಣದ ಕಾಗದ ಅಂಟಿಸಲು ದೊಡ್ಡ ಪಾತೇಲಿಯಲ್ಲಿ ಮೈದಾ ಕುದಿಯುತ್ತಿತ್ತು, ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೀಳುತ್ತಿತ್ತು. ಈ ಬೇಸಿಗೆಯಲ್ಲಿ ಭಾಲ್ಕಿಯ ನನ್ನ ಮನೆಯ ಮಾಳಿಗೆಯ ಮೇಲೆ ಗೋಧಿಯ ಹಾಲು ತಿರುವುತ್ತ ಕುಳಿತಿದ್ದಾಗ ಫೋನು ಬಂತು. ಕೈ ನಿಂತರೆ ಗಂಟಾಗುತ್ತದೆ. ಫೋನನ್ನು ಕಿವಿ ಹೆಗಲುಗಳ ನಡುವೆ ಒತ್ತಿಕೊಂಡು ತಿರುವುತ್ತಲೇ ಇದ್ದೆ.

"ಕಸ್ತೂರಕ್ಕಾರ ಏನ್ರಿ? ನಾ ಔರಾದದಿಂದ ಬಸವರಾಜ ಮಾತಾಡ್ಲಾಕತ್ತೀನ್ರಿ. ನೀಲಾ ಕಾಕಿ ಹೋಗಿಬಿಟ್ರು. ಮುಂಜಾನಿ ಪೂಜಿ ಮುಗಿಸಿ ಗ್ವಾಡಿಗೆ ಆತು ಕುಂತವರು ಏಳ್ಲೇ ಇಲ್ರಿ. ನೀವು ಬರ್ತೀರಲ್ಲ?"

ಬರುತ್ತೇನೆ ಎಂದೆ. ಪೂಜೆ ಮುಗಿಸಿ, ಲಿಂಗವನ್ನು ಎದೆಗೆ ಕಟ್ಟಿಕೊಂಡು, ಯಾರ ಕೈಯಲ್ಲೂ ಒಂದು ಲೋಟ ನೀರು ಹಾಕಿಸಿಕೊಳ್ಳದೆ ಹೋದಳಲ್ಲ, ಅಷ್ಟು ಶಿವನ ದಯೆ ಅಂದುಕೊಂಡೆ. ಆಮೇಲೆ ನೋಡಿದರೆ ಪಾತ್ರೆಯೊಳಗೆ ನನ್ನ ಕೈ ನಿಂತಿತ್ತು. ಪಕ್ಕದ ಮನೆಯ ಸುವರ್ಣಾ ಬಂದು ಸೌಟು ಕಿತ್ತುಕೊಂಡು, "ನೀವು ಹೋಗ್ರಿ, ಇದೆಲ್ಲಾ ನಾ ಒತ್ತಿ ಹಾಕ್ತೀನಿ" ಎಂದಳು. ಔರಾದಕ್ಕೆ ಬೀದರದ ಮೇಲೆಯೇ ಹೋಗಬೇಕು, ಸೀರೆ ಬದಲಿಸಿ ಬೀದರದ ಬಸ್ಸು ಹತ್ತಿದೆ. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಅದೂ ಒಂದು ದಯೆಯೇ, ಏಕೆಂದರೆ ಮುಖ ಹೊರಗೆ ಮಾಡಿ ಕೂರಬಹುದಿತ್ತು.

ನೀಲಾ ಅಂದರೆ ಅಪ್ಪನ ತಂಗಿ, ನನ್ನ ಸೋದರತ್ತಿ. ಔರಾದಕ್ಕೆ ಕೊಟ್ಟಿದ್ದರು. ಗಂಡ ಸಿಟ್ಟಿನ ಮನುಷ್ಯ. ಊಟದ ತಾಟು ಒದೆಯುವುದು ಅವನಿಗೆ ರೂಢಿ. ಒಂದು ದಿನ ತಾಟಿನ ಬದಲು ಅವಳ ಟ್ರಂಕನ್ನೇ ಬೀದಿಗೆ ಒಗೆದ. ಅದೇ ಟ್ರಂಕು ಹೊತ್ತುಕೊಂಡು ಅವಳು ತವರಿಗೆ ಬಂದಾಗ ನಾನು ಬಾಣಂತಿಯಿಲ್ಲದ ಕೂಸು. ಅವ್ವ ನನ್ನ ಹೆತ್ತು ತೀರಿಕೊಂಡಿದ್ದಳು. ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದೆವು, ನನ್ನನ್ನು ಎತ್ತಿ ನೀಲತ್ತಿಯ ಮಡಿಲಿಗೆ ಹಾಕಿ ಟ್ರಂಕನ್ನು ಒಳಗಿಟ್ಟಳಂತೆ. ಯಾಕೆ ಬಂದಿ ಎಂದು ಯಾರೂ ಕೇಳಲಿಲ್ಲವಂತೆ.

ಆ ಮನೆಯಲ್ಲಿ ನಡುಮನೆ ಎಂಬುದು ಹೆಸರಿಗೆ ಮಾತ್ರ. ಅಲ್ಲಿ ರಟ್ಟಿನ ಹಾಳೆಗಳು, ಗುಲಾಬಿ ಬಣ್ಣದ ಕಾಗದದ ಸುರುಳಿಗಳು, ಒಣಗಲು ಕವುಚಿ ಹಾಕಿದ ಡಬ್ಬಿಗಳು, ಅವುಗಳ ನಡುವೆ ಕಾಲಿಡಲು ಒಂದು ಸಣ್ಣ ದಾರಿ. ಕಿಟಕಿಯ ಕೆಳಗೆ ಮಷೀನು. ಅಪ್ಪ ಹೈದರಾಬಾದಿನಿಂದ ತಂದಿದ್ದ ಹಳೆಯ ಮಾಲು, ಎರಕದ ಕಬ್ಬಿಣದ್ದು, ಸೊಂಟದ ಎತ್ತರ. ಕೆಳಗೆ ಕಾಲಿಡಲು ಒಂದು ಹಲಗೆ. ಅದನ್ನು ತುಳಿದರೆ ಸರಳು ಎಳೆದು ಮೇಲಿನ ಅಲಗು ಇಳಿಯುತ್ತಿತ್ತು, ಬಿಟ್ಟರೆ ಸ್ಪ್ರಿಂಗು ಅದನ್ನು ಮತ್ತೆ ಮೇಲೆತ್ತುತ್ತಿತ್ತು. ಮುಚ್ಚಳದ ಅಂಚನ್ನು ಅಲಗಿನ ಕೆಳಗೆ ಹಿಡಿದು ತುಳಿದರೆ ಖಟ್ ಎಂದು ಒಂದು ಅರ್ಧಚಂದ್ರ ಕತ್ತರಿಸಿ ಬೀಳುತ್ತಿತ್ತು. ತಿರುಗಿಸಿ ಇನ್ನೊಂದು ಬದಿಗೆ ಮತ್ತೊಮ್ಮೆ ಖಟ್. ನಮ್ಮ ಡಬ್ಬಿಯ ಮುಚ್ಚಳ ತಳದವರೆಗೂ ಇಳಿಯುವಂಥದು. ಆ ಕಚ್ಚು ಇಲ್ಲದಿದ್ದರೆ ಬೆರಳಿಗೆ ಹಿಡಿತ ಸಿಗದು, ಗಾಳಿ ಕಚ್ಚಿಕೊಂಡು ಮುಚ್ಚಳ ಬಿಚ್ಚದು, ಎಳೆದಾಡಿದರೆ ಪೇಡೆಯೆಲ್ಲ ನೆಲದ ಪಾಲು. ಮಷೀನನ್ನು ಕೈಗಾಡಿಯಲ್ಲಿ ತಂದಿಳಿಸಿದ ಮನುಷ್ಯ ಅದರ ಅಲಗು ನೋಡಿ 'ಚಾಂದ್ ಕಾ ಮಷೀನ್', ಚಂದ್ರನ ಮಷೀನು, ಅಂದಿದ್ದನಂತೆ. ಅಂದಿನಿಂದ ಅದು ಚಾಂದ ಮಷೀನು, ಆ ಕಚ್ಚು ಚಾಂದ.

ನೀಲತ್ತಿ ಮನೆಗೆ ಬಂದ ವಾರದಲ್ಲೇ ಮಷೀನಿನ ಮುಂದೆ ಕುಳಿತಳಂತೆ. ಎತ್ತಿದ ಕೂಸನ್ನು ಇಳಿಸಲು ಆಗದು, ಇಳಿಸದೆ ಕೆಲಸ ಆಗದು. ಅದಕ್ಕೆ ಅವಳು ತೊಲೆಗೆ ಹಳೇ ಸೀರೆಯ ಜೋಳಿಗೆ ಕಟ್ಟಿ, ಅದರಿಂದ ಒಂದು ಹಗ್ಗ ಎಳೆದು ಮಷೀನಿನ ಕಾಲುಹಲಗೆಗೆ ಬಿಗಿದಳು. ಒಂದು ಮುಚ್ಚಳಕ್ಕೆ ಚಾಂದ ಬಿದ್ದರೆ ಜೋಳಿಗೆಗೆ ಒಂದು ತೂಗು. ಹೀಗಾಗಿ ನನ್ನ ಜೋಗುಳ ಖಟ್ ಖಟ್ ಎಂಬುದೇ. ಹಬ್ಬದ ದಿನ ಮಷೀನಿಗೆ ವಿಭೂತಿ ಹಚ್ಚಿ ನಿಲ್ಲಿಸಿದರೆ ನಾನು ಹಟ ಹಿಡಿದು ಅಳುತ್ತಿದ್ದೆನೆಂದು ಆಯಿ ಹೇಳುತ್ತಿದ್ದಳು. "ಎಲ್ಲಾರ ಕೂಸಿಗೆ ಗದ್ದಲಾದ್ರ ಎಚ್ಚರಾಗ್ತದ, ನಮ್ಮ ಕಸ್ತೂಗ ಗದ್ದಲಾ ನಿಂತ್ರ ಎಚ್ಚರ."

ನೀಲತ್ತಿಯ ಮೈಗೆ ಸದಾ ಅಂಟಿನ ವಾಸನೆ, ಬೆರಳ ತುದಿಗೆ ಗುಲಾಬಿ ಬಣ್ಣ. ನಾನು ಅವಳ ಕಾಲ ಬಳಿ ಕುಳಿತು ಉದುರಿದ ಅರ್ಧಚಂದ್ರಗಳನ್ನು ಆರಿಸುತ್ತಿದ್ದೆ, ಅವುಗಳಿಂದ ಮೀನು ಮಾಡುತ್ತಿದ್ದೆ, ಗೊಂಬೆಗೆ ಹುಬ್ಬು ಮಾಡುತ್ತಿದ್ದೆ. ಸಾಲೆಯಲ್ಲಿ ಯಾರೋ ನಿನಗೆ ಅವ್ವ ಇಲ್ಲ ಅಂದರೆಂದು ಅಳುತ್ತ ಬಂದ ದಿನ ಅವಳು ತುಳಿಯುವುದನ್ನು ನಿಲ್ಲಿಸಲೇ ಇಲ್ಲ. "ಅವರ ಅವ್ವಗ ಕೇಳು ಹೋಗು, ಕಾಲಿಲೆ ಕೂಸು ತೂಗಲಾಕ ಬರ್ತದೇನಂತ" ಎಂದಳು. ನನಗೆ ನಗು ಬಂತು. ಅವಳನ್ನು ಅವ್ವ ಎಂದು ಕರೆಯಬೇಕೆಂದು ನನ್ನ ಬಾಯಿಗೆ ಎಷ್ಟೋ ಸಲ ಬಂದದ್ದಿದೆ. ಆಯಿ ಏನನ್ನುವಳೋ ಎಂದು ನುಂಗಿಕೊಂಡೆ.

ನಾನು ಮಾಧ್ಯಮಿಕ ಸಾಲೆ ಸೇರಿದ ವರ್ಷ, ಪಂಚಮಿ ಮುಗಿದ ಮೇಲೆ, ಔರಾದದಿಂದ ಅವಳ ಗಂಡನ ಅಣ್ಣ ಶರಣಪ್ಪ ಬಂದರು. ತಮ್ಮನ ಮೈ ನೆಟ್ಟಗಿಲ್ಲ, ತಪ್ಪಾಗಿದೆ ಅನ್ನುತ್ತಾನೆ, ಕಳಿಸಿಕೊಡಿ ಎಂದು ಕೇಳಿದರು. ಗಂಡನ ಮನೆಯವರೇ ಬಂದು ಕರೆದಾಗ ಇಲ್ಲ ಅನ್ನುವುದು ಹೇಗೆ? ಆಯಿ ಬಹಳ ಹೊತ್ತು ಸೆರಗಿನ ಅಂಚು ತಿರುವಿ, "ದೀವಳಿಗಿ ಡಬ್ಬಿ ಬಾಯಿ ತನಕ ಅವ. ಈ ಕೆಲಸ ಮುಗೀಲಿ, ಕಳಸ್ತೀವಿ" ಎಂದಳು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಡಬ್ಬಿ ಇರುವ ತನಕ ನೀಲತ್ತಿ ಇರುತ್ತಾಳೆ. ಡಬ್ಬಿ ಮುಗಿದರೆ ನನಗೆ ಯಾರೂ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ನಾನು ಮೂಲೆಯ ಮುಚ್ಚಳಗಳ ರಾಶಿ ಎಷ್ಟು ಎತ್ತರ ಇದೆ ಎಂದು ನೋಡುತ್ತಿದ್ದೆ.

ಆ ವರ್ಷ ಅವಳ ಕೆಲಸ ನಿಧಾನವಾಯಿತು. ಒಂದು ಮುಚ್ಚಳ ಕೊರೆದು, ಬೆಳಕಿಗೆ ಹಿಡಿದು ನೋಡಿ, ಊದಿ, ಸೆರಗಿನಿಂದ ಒರೆಸಿ, ಆಮೇಲೆ ಇನ್ನೊಂದು. ಯಾರೂ ಬೇಗ ಮಾಡು ಅನ್ನಲಿಲ್ಲ. ದೀವಳಿಗೆ ಬಂದು ಹೋಯಿತು. ರಾಶಿ ಕರಗಬೇಕಾಗಿತ್ತು, ಕರಗಲಿಲ್ಲ. ಅಪ್ಪ ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಹೋಗಿ ಬರುವಾಗೆಲ್ಲ ಹೊಸ ಆರ್ಡರ್ ತರುತ್ತಿದ್ದ. ಭಾಲ್ಕಿಯ ಅಂಗಡಿಯದು, ಬಳೆಯವರದು, ಮದುವೆಯವರದು. ಅಪ್ಪ ಮಾತಿನವನಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಇನ್ನೂ ಸ್ವಲ್ಪ ಬಂದದ ನೀಲಾ" ಎನ್ನುತ್ತಿದ್ದ, ಅಷ್ಟೇ. ಅವಳು ಹೂಂ ಎನ್ನುತ್ತಿದ್ದಳು. ನಾನು ದೇವರ ಗೂಡಿಗೆ ಹೋಗಿ ಕೈಮುಗಿದು ಬರುತ್ತಿದ್ದೆ.

ಕೊನೆಕೊನೆಗೆ ಅಪ್ಪ ವಿಭೂತಿ ಗಟ್ಟಿ ಇಡುವ ಪುಟ್ಟ ಡಬ್ಬಿಗಳ ಆರ್ಡರ್ ತಂದ. ಅದರ ಮುಚ್ಚಳ ಎಷ್ಟು ಗಿಡ್ಡ ಎಂದರೆ ಅದಕ್ಕೆ ಚಾಂದವೇ ಬೇಡ. ಸುಮ್ಮನೆ ಎತ್ತಿದರೆ ಬರುತ್ತದೆ. ಆದರೂ ಅಪ್ಪ ಆ ಮುಚ್ಚಳಗಳನ್ನು ತಂದು ಮಷೀನಿನ ಪಕ್ಕದಲ್ಲಿ ಸುರಿದ, ನೀಲತ್ತಿ ಏನೂ ಕೇಳದೆ ಕೊರೆಯತೊಡಗಿದಳು. ಅರ್ಧಚಂದ್ರ ಆ ಮುಚ್ಚಳದ ಅಂಚನ್ನೆಲ್ಲ ತಿಂದುಬಿಡುತ್ತಿತ್ತು. ಇಲಿ ಕಚ್ಚಿದ ಹಾಗೆ ಕಾಣುತ್ತಿತ್ತು. ಅಂಥ ಸಮಯಕ್ಕೇ ಸಂಕ್ರಾಂತಿಯ ಎಳ್ಳು ಹಿಡಿದುಕೊಂಡು ಶರಣಪ್ಪ ಮತ್ತೆ ಬಂದರು. ನೆಲದ ಮೇಲಿನ ಒಂದು ಮುಚ್ಚಳ ಎತ್ತಿ ತಿರುಗಿಸಿ ನೋಡಿದರು.

"ಇಷ್ಟು ಗಿಡ್ಡ ಮುಚ್ಚಳಕ್ಕ ಚಾಂದ ಯಾಕ್ರಿ ಆಯಿ? ಎರಡು ಬೆರಳಿಲೆ ಎತ್ತಿದ್ರ ಬರ್ತದಲ್ಲ."

"ನಿಮ್ಮ ಔರಾದ ಮಂದಿಗಿ ಬರ್ತಿರಬೇಕು" ಎಂದಳು ಆಯಿ. "ನಮ್ಮ ಬೀದರ ಗಿರಾಕಿಗಳ ಬೆರಳು ಗಿಡ್ಡ ಅವ."

ಶರಣಪ್ಪ ನಕ್ಕರು. ಕೆಟ್ಟ ಮನುಷ್ಯರಲ್ಲ. ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟರು. ಛಾ ಕುಡಿದು ಲೋಟ ಕೆಳಗಿಟ್ಟ ಮೇಲೆ, ಯಾರ ಮುಖವನ್ನೂ ನೋಡದೆ ಹೇಳಿದರು. "ತಮ್ಮಗ ಲಕ್ವಾ ಹೊಡದದ್ರಿ. ಒಂದು ಬಾಜು ಪೂರಾ ಹೋಗ್ಯಾದ. ಬಾಯಿನೂ ಬಿದ್ದದ. ನಮ್ಮ ಮನ್ಯಾಕಿ ನೀರು ಕುಡಸಲಾಕ ಹೋದ್ರ ಹಲ್ಲು ಬಿಗಿ ಹಿಡೀತಾನ. ಜೋರ್ ಮಾಡಿ ಕರಕೊಂಡು ಹೋಗಲಾಕ ಬಂದಿಲ್ರಿ ನಾ. ಹೇಳಿ ಹೋಗ್ಲಾಕ ಬಂದೀನಿ."

ಮಷೀನು ನಿಂತಿತು. ಅಷ್ಟೂ ಹೊತ್ತು ಅದು ನಡೆಯುತ್ತಲೇ ಇತ್ತೆಂದು ನಿಂತಾಗಲೇ ಎಲ್ಲರಿಗೂ ಗೊತ್ತಾಯಿತು. ನೀಲತ್ತಿ ಎದ್ದು, ಸೆರಗು ಕೊಡವಿ, ಅಪ್ಪನ ಎದುರು ಬಂದು ನಿಂತಳು.

"ಅಣ್ಣಾ, ಇನ್ನ ಆರ್ಡರ್ ತಗೋಬ್ಯಾಡ" ಎಂದಳು.

ಅಪ್ಪ ತಲೆ ತಗ್ಗಿಸಿದ. ಒದೆಸಿಕೊಂಡ ತಾಟನ್ನು ಮರೆತು ಅವಳು ಹೋಗುತ್ತಿದ್ದಳೆಂದು ನಾನು ಹೇಳಲಾರೆ. ಬಾಯಿಲ್ಲದ ಜೀವಕ್ಕೆ ನೀರು ಬೇಕು, ಅದಕ್ಕೆ ಹೋದಳು. ಹೋಗುವ ಮುಂಚೆ ಉಳಿದ ಮುಚ್ಚಳಗಳನ್ನು ಅವಳೇ ಸರಸರ ಕೊರೆದು ಮುಗಿಸಿದಳು. ಅವಳ ಕಾಲಿಗೆ ಅಷ್ಟು ವೇಗ ಇದೆಯೆಂದು ಆ ದಿನವೇ ನಾನು ನೋಡಿದ್ದು. ನನ್ನ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಳು, ಬಹಳ ದಿನ ಬಿಚ್ಚದೆ ಇರಲಿ ಅನ್ನುವ ಹಾಗೆ. ಬಸ್ ಸ್ಟ್ಯಾಂಡಿಗೆ ನನ್ನನ್ನು ಕರೆದೊಯ್ಯಲಿಲ್ಲ.

ಆಮೇಲೆ ಆ ಮನೆ ಎಷ್ಟು ಖಾಲಿಯಾಯಿತೆಂದರೆ, ಒಂದು ಕೋಣೆಯಲ್ಲಿ ಕೆಮ್ಮಿದರೆ ಇನ್ನೊಂದು ಕೋಣೆಯಲ್ಲಿ ಕೇಳಿಸುತ್ತಿತ್ತು. ನನಗೆ ನಿದ್ದೆ ಬಾರದು. ಅದನ್ನು ಕಂಡು ಅಪ್ಪ ದೀಪ ಹಚ್ಚಿದ ಮೇಲೆ ಮಷೀನಿನ ಮುಂದೆ ಕುಳಿತು, ಅಲಗಿನ ಕೆಳಗೆ ಏನನ್ನೂ ಇಡದೆ, ಬರೀ ಹಲಗೆ ತುಳಿಯುತ್ತಿದ್ದ. ಡಬ್ಬಿ ಇಲ್ಲದ ಖಟ್ ಖಟ್ಟಿನ ಸದ್ದು ಬೇರೆಯೇ, ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. ನಾನು ಮಲಗಿದವಳ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಪ್ಪನಿಗೂ ಊಟ ಮಾಡಿ ಮಲಗುವುದು ಇರುತ್ತಿತ್ತಲ್ಲ.

ಕಾಲ ಸರಿಯಿತು. ಮಡಚುವ ಡಬ್ಬಿಗಳು ಅಚ್ಚಾಗಿ ಹೈದರಾಬಾದಿನಿಂದ ಕಟ್ಟುಕಟ್ಟಾಗಿ ಬರತೊಡಗಿದವು. ಅವಕ್ಕೆ ಅಂಟು ಬೇಡ, ಚಾಂದ ಬೇಡ. ಅಪ್ಪ ಮಷೀನು ಮಾರಿದ. ಆಯಿ ಹೋದಳು. ನನ್ನನ್ನು ಭಾಲ್ಕಿಗೆ ಕೊಟ್ಟರು. ಔರಾದದಲ್ಲಿ ನೀಲತ್ತಿಯ ಗಂಡ ಹಾಸಿಗೆಯಲ್ಲೇ ಬಹಳ ವರ್ಷ ಬದುಕಿ ತೀರಿಕೊಂಡಾಗ ಅಪ್ಪ ಕರೆಯಲು ಹೋದ. "ಮಷೀನ್ ಇಲ್ಲದ ಮನ್ಯಾಗ ನಾ ಬಂದು ಏನ್ ಮಾಡ್ಲಿ ಅಣ್ಣಾ" ಎಂದು ಅವಳು ಅಲ್ಲೇ ಶರಣಪ್ಪನ ಮಗ ಬಸವರಾಜನ ಸಂಸಾರದಲ್ಲಿ ಉಳಿದಳು. ಅಪ್ಪನೂ ಹೋದ. ಮನೆ ಕೈಬಿಟ್ಟಿತು. ಮಷೀನು ಯಾವ ಗುಜರಿಯಲ್ಲಿ ಕರಗಿತೋ ನನಗೆ ಗೊತ್ತಿಲ್ಲ.

ಮದುವೆಯಾದ ಮೇಲೆ ನಾನು ಆಗಾಗ ಔರಾದಕ್ಕೆ ಹೋಗುತ್ತಿದ್ದೆ. "ಬಂದ್ಯಾ? ಕುಂಡ್ರು, ಛಾ ಕುಡಿ" ಎಂದು ನೀಲತ್ತಿ ಒಳಗೆ ಹೋಗಿಬಿಡುತ್ತಿದ್ದಳು. ಬಂದು ಕುಳಿತರೂ ಗೋಡೆಯ ಕಡೆ ನೋಡುತ್ತ ಊರಿನ ಮಾತಾಡುತ್ತಿದ್ದಳು. ಹಳೆಯ ಮನೆಯ ಮಾತು ತೆಗೆದರೆ, ಬಸ್ಸಿಗೆ ಹೊತ್ತಾಗುತ್ತದೆ ನೋಡು ಎನ್ನುತ್ತಿದ್ದಳು. ಒಮ್ಮೆಯಾದರೂ ನನ್ನ ಕೈ ಹಿಡಿಯಲಿಲ್ಲ. ಬರುವಾಗ ಬಸ್ಸಿನಲ್ಲಿ ನಾನು ಅಂದುಕೊಳ್ಳುತ್ತಿದ್ದೆ: ಜೋಳಿಗೆಯಲ್ಲಿ ಹಾಕಿ ತೂಗಿದಳು, ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಕೇಳಬಾರದು. ಅವಳು ಔರಾದದವಳಾದಳು. ನಾನು ಅವಳ ಅಣ್ಣನ ಮಗಳು ಮಾತ್ರ.

ಫೋನು ಬಂದ ಆ ದಿನ ನಾನು ಔರಾದ ತಲುಪುವಾಗ ಅಂಗಳದಲ್ಲಿ ಶಾಮಿಯಾನ ಹಾಕಿ ಅವಳನ್ನು ಕೂರಿಸಿದ್ದರು, ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಗಂಡಸರು ಎದ್ದು ನಿಂತಿದ್ದರು. ಹೊತ್ತು ಮೀರಿತ್ತು, ಬಿಸಿಲು ಜೋರಿತ್ತು. ನಾನು ಹೆಂಗಸರ ಹಿಂದೆ ಚಪ್ಪಲಿಗಳ ಹತ್ತಿರ ನಿಂತುಕೊಂಡೆ. ಬಸವರಾಜನ ಹೆಂಡತಿ ಮಹಾದೇವಿ ನನ್ನನ್ನು ಕಂಡು ಎತ್ತರದ ದನಿಯಲ್ಲಿ, "ಸರೀರಿ, ಜರಾ ದಾರಿ ಬಿಡ್ರಿ. ಕಾಕಿ ಮಗಳು ಬಂದ್ರು" ಎಂದಳು.

ಯಾರ ಮಗಳು ಬಂದಳೆಂದು ನಾನೂ ಹಿಂತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಹೆಂಗಸರು ಸರಿದರು. ಅಯ್ಯನವರು ಬಿಲ್ವಪತ್ರೆಯನ್ನು ಮೊದಲು ನನ್ನ ಕೈಗೆ ಕೊಟ್ಟರು. ಒಬ್ಬ ಮುದುಕಿ ಪಕ್ಕದವಳಿಗೆ, "ಇಕಿನೇ ಏನವ್ವ ಭಾಲ್ಕಿ ಮಗಳು? ನೀಲವ್ವ ಹೇಳ್ತಿದ್ದಳಲ್ಲ" ಎಂದಳು. ನಾನು ಪತ್ರೆಯನ್ನು ಅವಳ ಪಾದಕ್ಕಿಟ್ಟೆ. ಬಾಗಿದಾಗ ಅವ್ವಾ ಎಂದೆ. ಯಾರಿಗೂ ಕೇಳಿಸಲಿಲ್ಲ.

ಎಲ್ಲ ಮುಗಿದ ಮೇಲೆ ಮಹಾದೇವಿ ನನ್ನನ್ನು ಬಸ್ಸಿನ ತನಕ ಕಳಿಸಲು ಬಂದಳು. "ಒಂದು ಮಾತು ಹೇಳ್ಲೇನ್ರಿ ಅಕ್ಕಾ" ಎಂದಳು. "ನೀವು ಬಂದು ಹೋದ ದಿನಾ ಕಾಕಿ ಉಣ್ತಿದ್ದಿಲ್ರಿ. ಅನ್ನ ಕಲಸಿ ಹಂಗೇ ಕುಂಡ್ರತಿದ್ರು. ಕೈ ಹಿಡದ್ರ ಬಿಡಲಾಕ ಆಗಂಗಿಲ್ಲ ನನಗ, ಅದಕ್ಕ ಹಿಡಿಯಂಗಿಲ್ಲ ಅಂತಿದ್ರು."

"ಆಗ್ಲಿ ತಂಗಿ" ಎಂದು ನಾನು ಬಸ್ಸು ಹತ್ತಿದೆ.

ಭಾಲ್ಕಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಯಜಮಾನರು ಮಠಕ್ಕೆ ಹೋಗಿದ್ದರು, ಮನೆಯಲ್ಲಿ ಯಾರೂ ಇರಲಿಲ್ಲ. ನಾವು ಸೂತಕ ಹಿಡಿಯುವುದಿಲ್ಲ. ಸತ್ತವರು ಶಿವನನ್ನು ಸೇರಿದರು ಎಂದ ಮೇಲೆ ಮೈಲಿಗೆ ಯಾವುದು? ಇದು ನಂಬಿಕೆ, ಒಳ್ಳೆಯ ನಂಬಿಕೆ. ಆದರೆ ಕೆಲಸ ಬಿಟ್ಟು ಒಂದು ಮೂಲೆಯಲ್ಲಿ ಕೂರಲು ನನಗೆ ಒಂದು ನೆವವೂ ಇರಲಿಲ್ಲ. ಹೊಸ್ತಿಲ ಮೇಲೆ ನಿಂತೇ ಇದ್ದೆ. ಇನ್ನು ಈ ಲೋಕದಲ್ಲಿ ನನ್ನನ್ನು ಮಗಳು ಅನ್ನುವವರು ಯಾರೂ ಉಳಿಯಲಿಲ್ಲ, ಹಾಗೆ ಅನ್ನುವವಳೊಬ್ಬಳಿದ್ದಳೆಂದು ತಿಳಿದದ್ದೂ ಅವತ್ತೇ. ಆದರೂ ತಿಳಿಯಿತಲ್ಲ. ತಿಳಿಯದೆಯೇ ಹೋಗಬಹುದಿತ್ತು.

"ನಳಾ ಬಂದದ ನೋಡ್ರಿ" ಎಂದು ಗೋಡೆಯಾಚೆಯಿಂದ ಯಾರೋ ಕೂಗಿದರು. ಸೆರಗು ಸಿಕ್ಕಿಸಿಕೊಂಡು, ಕೊಡ ತೊಳೆದು, ನೀರಿಗೆ ಹಿಡಿದೆ.