ಗಡಹಿಂಗ್ಲಜದಲ್ಲಿ ಈರಪ್ಪನ ಕೊನೆಯ ಕಿಕ್

ಫೆಬ್ರವರಿಯ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ, ನಾನೂ ನನ್ನ ತಮ್ಮ ಈರಪ್ಪನೂ ಇಚಲಕರಂಜಿಯಿಂದ ಹೊರಟೆವು. ಈರಪ್ಪ ಹನ್ನೊಂದು ವರ್ಷಗಳಿಂದ ಕೊಲ್ಹಾಪುರದ ಒಂದು ಪೇಟೆಯ ಫುಟ್‌ಬಾಲ್ ತಂಡದಲ್ಲಿ ಪಗಾರಿನ ಆಟಗಾರ. ಮೊಣಕಾಲು ಕೆಟ್ಟ ಮೇಲೆ ಓಡಲಾರ. ಪಂದ್ಯ ಸಮನಾಗಿ ಪೆನಾಲ್ಟಿಗೆ ಹೋಗುವಂತಿದ್ದರೆ ಮಾತ್ರ ಕೊನೆಯ ನಿಮಿಷದಲ್ಲಿ ಅವನನ್ನು ಇಳಿಸುತ್ತಾರೆ. ಗಡಹಿಂಗ್ಲಜದ ಈ ಪಂದ್ಯ ಗೆಲ್ಲಿಸಿಕೊಟ್ಟರೆ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ಮನೆಗೆ ಎಂದು ಮ್ಯಾನೇಜರ್ ಹೇಳಿದ್ದ. ಮನೆಗೆ ಎಂದರೆ ನಾನು ದುಡಿಯುವ ಮಗ್ಗದ ಶೆಡ್ಡಿಗೆ.

ಕೊಲ್ಹಾಪುರ ಮೂವತ್ತು ಕಿಲೋಮೀಟರ್, ಒಂದು ಗಂಟೆಯ ದಾರಿ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಪ್ಲೇಟು ಮಿಸಳ, ಖಾರದ ಕಾಳಿನ ಉಸಳಿ, ತರಲು ಹೇಳಿದೆ. ಈರಪ್ಪ ಮುಟ್ಟಲಿಲ್ಲ. ನಾಚಿಕೆಗೆಟ್ಟು ಎರಡೂ ಪ್ಲೇಟು ನಾನೇ ಖಾಲಿ ಮಾಡಿದೆ. ಅಲ್ಲಿಂದ ಇನ್ನೂ ಎರಡು ತಾಸು ಬಸ್ಸು. ಗೋಕುಳ ಶಿರಗಾಂವದ ಫೌಂಡ್ರಿ ಹೊಗೆ ದಾಟುವವರೆಗೂ ಅವನು ಮೊಣಕಾಲು ಒತ್ತಿಕೊಳ್ಳುತ್ತಲೇ ಇದ್ದ.

"ನೋವೈತೇನೋ?"

"ಏನೂ ಇಲ್ಲಪಾ, ಸುಮ್ನ ಕುಂದ್ರು."

ಸುಳ್ಳು. ಅವನ ಸುಳ್ಳು ನನಗೆ ಚಿಕ್ಕಂದಿನಿಂದ ಗೊತ್ತು.

ಮೂರು ಗಂಟೆಗೆ ಆಟ ಶುರುವಾಯಿತು. ಉರಿಬಿಸಿಲು, ಮೂಗಿನ ತುಂಬ ಧೂಳು. ಎರಡೂ ಕಡೆ ಗೋಲಿಲ್ಲ. ಈರಪ್ಪನನ್ನು ಇಳಿಸಿದರು. ಪೆನಾಲ್ಟಿಯಲ್ಲಿ ನಾಲ್ಕು ಕಿಕ್‌ವರೆಗೂ ಸಮ, ಎದುರಿನವರ ಐದನೆಯ ಕಿಕ್ ಹೊರಗೆ ಹೋಯಿತು. ನಮ್ಮ ಐದನೆಯದು ಈರಪ್ಪನದು, ಅದು ಒಳಗೆ ಹೋದರೆ ಗೆಲುವು.

ಗೆದ್ದ ಮೇಲೆ ಆಟಗಾರನಿಗೆ ಗುಲಾಲು ಎರಚುವುದು ಕೊಲ್ಹಾಪುರದ ಕಡೆಯವರ ಪದ್ಧತಿ. ಕೊನೆಯ ಕಿಕ್ಕನ್ನು ಈರಪ್ಪ ಒಮ್ಮೆಯೂ ತಪ್ಪಿಸಿದವನಲ್ಲ. ಹಾಗಾಗಿ ಪೇಟೆಯ ಹಿರಿಯನೊಬ್ಬ ಪ್ರೀತಿ ತಡೆಯಲಾರದೆ ಒಳಗೆ ಓಡಿಬಂದು, "ಇದು ಗೆದ್ದಂಗ ಬಿಡ್ರಿ!" ಎಂದು ಒದೆಯುವ ಮೊದಲೇ ಒಂದು ಪುಟ್ಟಿ ಗುಲಾಲು ಅವನ ತಲೆಗೆ ಸುರಿದುಬಿಟ್ಟ. ರೆಫರಿ ಅವನನ್ನು ಅಟ್ಟಿದ. ಈರಪ್ಪ ತೋಳಿನಿಂದ ಕಣ್ಣೊರೆಸಿಕೊಂಡು ಒದ್ದ. ಚೆಂಡು ಗೋಲಿನ ಅಡ್ಡಕಂಬದ ಮೇಲಿಂದ ಹಾರಿಹೋಯಿತು. ಆಮೇಲೆ ಒಂದೊಂದೇ ಕಿಕ್ಕಿನ ಸುತ್ತಿನಲ್ಲಿ ನಾವು ಸೋತೆವು.

ಮ್ಯಾನೇಜರ್ ಈರಪ್ಪನ ಜರ್ಸಿ ಬಿಚ್ಚಿಸಿಕೊಂಡು ಚೀಲಕ್ಕೆ ಹಾಕಿಕೊಂಡ. ನಾನು ಆ ಹಿರಿಯನಿಗೆ ಬಾಯಿಗೆ ಬಂದಂತೆ ಬೈದೆ.

"ಅವರಿಗ್ಯಾಕ ಬೈತಿ?" ಎಂದ ಈರಪ್ಪ. "ಕಣ್ಣ ಕಾಣ್ತಿತ್ತು. ಕಾಲs ಮಾತ ಕೇಳಲಿಲ್ಲ."

ಆರರ ಬಸ್ಸಿಗೆ ಹತ್ತಿದೆವು. ನಿಲ್ದಾಣದ ನಲ್ಲಿಯಲ್ಲಿ ನೀರಿರಲಿಲ್ಲ, ಅವನ ಮುಖ, ಕಿವಿ, ಕೂದಲು ಎಲ್ಲ ಕೆಂಪು. ಕಂಡಕ್ಟರನ ಮುಖ ಅರಳಿತು.

"ಜಿಂಕಲಾತ್ ಕಾ? ಗೆದ್ರೇನ್ರಿ?"

ಬಸ್ಸೆಲ್ಲ ನಮ್ಮ ಕಡೆ ತಿರುಗಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಈರಪ್ಪ ನನ್ನ ಕೈ ಒತ್ತಿದ.

"ಹೌದ್ರಿ. ಕಡೀ ಕಿಕ್ ನಾನs ಹೊಡದೆ."

ಜನ ಚಪ್ಪಾಳೆ ತಟ್ಟಿದರು. ಈರಪ್ಪ ಸೀಟು ಹಿಡಿದುಕೊಂಡು ಎದ್ದು ನಿಂತು, ಎಲ್ಲರಿಗೂ ಕೈ ಮುಗಿದ. ನನಗೆ ಅಳು ಬಂತು. ನಾನೂ ಚಪ್ಪಾಳೆ ತಟ್ಟಿದೆ.